ವಾಹನ ಪ್ರಶ್ನೋತ್ತರ: ಕಾಲು ತೆಗೆದರೂ ಇಳಿಯದ ಎಂಜಿನ್ ವೇಗ

ಪ್ರಶ್ನೆ: ನನ್ನದು 2009ರ ಮಾದರಿಯ ಪೆಟ್ರೋಲ್ ಕಾರು. ಹಾಸನದಲ್ಲಿ ವಾಸ, ಸಕಲೇಶಪುರದ ಆಚೆ ಇರುವ ನಮ್ಮ ಕಾಫಿ ತೋಟಕ್ಕೆ ಆಗಾಗ ಹೋಗಿಬರುತ್ತೇನೆ. ಕೆಲವು ತಿಂಗಳಿಂದ ಗೇರ್ ಬದಲಿಸಲು ಕ್ಲಚ್ ತುಳಿದಾಗ ಎಂಜಿನ್ ವೇಗ ಕೂಡಲೇ ಇಳಿಯದೆ 2000 ಆರ್‌ಪಿಎಂ ಬಳಿ ನಿಂತುಬಿಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು 1000ಕ್ಕೂ 1800ಕ್ಕೂ ನಡುವೆ ತಾನಾಗಿಯೇ ಏರಿಳಿಯುತ್ತಿರುತ್ತದೆ. ಮೊದಲು ಎಂಜಿನ್ ಆಗಾಗ ಆಫ್ ಆಗುತ್ತಿದ್ದುದರಿಂದ ಮೆಕ್ಯಾನಿಕ್ ಥ್ರಾಟಲ್ ಬಳಿಯ ಸ್ಕ್ರೂ ತಿರುಗಿಸಿ ಐಡ್ಲಿಂಗ್ (ಕಾಲು ತೆಗೆದಾಗಿನ ಎಂಜಿನ್ ವೇಗ) ಏರಿಸಿಕೊಟ್ಟಿದ್ದರು. ಕಳೆದ ಬೇಸಿಗೆಯಲ್ಲಿ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಯಿತೆಂದು ಥರ್ಮೋಸ್ಟಾಟ್ ವಾಲ್ವನ್ನೂ ತೆಗೆಸಿದ್ದೇನೆ. ಈಗ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?
— ಹಾಸನದ ಓದುಗರೊಬ್ಬರು

ಉತ್ತರ: ಇಸಿಎಂ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರದಲ್ಲಿ ನೀವು ಹೇಳಿಹೋಗಿರುವ ಎರಡು ಸಂಗತಿಗಳು, ಅಂದರೆ ತಿರುಗಿಸಿದ ಸ್ಕ್ರೂ ಮತ್ತು ತೆಗೆಸಿದ ಥರ್ಮೋಸ್ಟಾಟ್, ಈ ತೊಂದರೆಯ ಬಹುಪಾಲನ್ನು ವಿವರಿಸಬಲ್ಲವು.

ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಿಯಂತ್ರಿಸುವುದು ಒಳಗೆ ಹೋಗುವ ಗಾಳಿ. ನೀವು ಎಕ್ಸಿಲೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತದೆ. ಐಡ್ಲಿಂಗ್‌ಗೆ ಬೇಕಾದ ಅಲ್ಪ ಗಾಳಿಯನ್ನು ಅದರ ಪಕ್ಕದ ಸಣ್ಣ ದಾರಿಯಲ್ಲಿ ಐಎಸಿ ವಾಲ್ವ್ ಎಂಬ ಪುಟ್ಟ ವಾಲ್ವು ಅಳೆದು ಬಿಡುತ್ತದೆ. ಕಾಲು ತೆಗೆದ ಮೇಲೂ ವೇಗ ಇಳಿಯುತ್ತಿಲ್ಲವೆಂದರೆ ಎಲ್ಲಿಂದಲೋ ಹೆಚ್ಚಿನ ಗಾಳಿ ಹೋಗುತ್ತಿದೆ ಎಂದೇ ಅರ್ಥ. ತೂಬು ಮುಚ್ಚಿದರೂ ಬದುವಿನಲ್ಲಿ ಏಡಿ ತೋಡಿದ ಬಿಲದಿಂದ ಗದ್ದೆಗೆ ನೀರು ಹರಿಯುವಂತೆ, ಥ್ರಾಟಲ್ ಮುಚ್ಚಿದರೂ ಎಂಜಿನ್ನಿಗೆ ಬೇರೆ ದಾರಿಯಿಂದ ಗಾಳಿ ದೊರೆಯುತ್ತಿರುತ್ತದೆ. ಆ ಕಾಲದ ಹಲವು ಸಣ್ಣ ಕಾರುಗಳಲ್ಲಿ ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡವನ್ನು ಎಂಎಪಿ ಸೆನ್ಸರಿನಿಂದ ಅಳೆದು ಲೆಕ್ಕ ಹಾಕುತ್ತಾರೆ. ಆದ್ದರಿಂದ ಕಳ್ಳದಾರಿಯಿಂದ ಬಂದ ಗಾಳಿಗೂ ಇಸಿಎಂ ಸರಿಯಾಗಿಯೇ ಪೆಟ್ರೋಲ್ ಕೊಡುತ್ತದೆ, ಎಂಜಿನ್ ಸುಖವಾಗಿ ಮೇಲಿನ ವೇಗದಲ್ಲಿ ತಿರುಗುತ್ತದೆ. ಗಾಳಿಯನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರಿನ ಕಾರುಗಳಲ್ಲಾದರೆ ಅದೇ ಸೋರಿಕೆಯಿಂದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ನಡುಗುತ್ತದೆ. ಒಬ್ಬರ ಕಾರಿಗೆ ಹೊಂದಿದ ಸಲಹೆ ಇನ್ನೊಬ್ಬರ ಕಾರಿಗೆ ಹೊಂದದಿರಲು ಈ ವ್ಯತ್ಯಾಸವೂ ಒಂದು ಕಾರಣ.

ಇನ್ನು ಮುಳ್ಳಿನ ಏರಿಳಿತ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಇಸಿಎಂಗೆ ಒಂದು ನಿಯಮವಿರುತ್ತದೆ: ಥ್ರಾಟಲ್ ಮುಚ್ಚಿದ್ದು, ಎಂಜಿನ್ ವೇಗ ಒಂದು ಮಿತಿಗಿಂತ ಹೆಚ್ಚಿದ್ದರೆ ಪೆಟ್ರೋಲ್ ನಿಲ್ಲಿಸಬೇಕು, ವೇಗ ಕೆಳಗಿಳಿದ ಮೇಲೆ ಮತ್ತೆ ಕೊಡಬೇಕು. ನಿಂತ ಕಾರಿನಲ್ಲಿ ಹೆಚ್ಚುವರಿ ಗಾಳಿಯಿಂದಾಗಿ ವೇಗ ಆ ಮಿತಿ ದಾಟಿದಾಗ ಪೆಟ್ರೋಲ್ ನಿಲ್ಲುತ್ತದೆ, ವೇಗ ಬೀಳುತ್ತದೆ, ಮತ್ತೆ ಪೆಟ್ರೋಲ್ ಬರುತ್ತದೆ, ಮತ್ತೆ ಏರುತ್ತದೆ. ನೀವು ಕಂಡದ್ದು ಬಹುಶಃ ಇದನ್ನೇ. ಇಸಿಎಂ ತನಗೆ ಕಲಿಸಿದ್ದನ್ನು ತಪ್ಪದೆ ಮಾಡುತ್ತಿದೆ. ಅದಕ್ಕೆ ಶಿಕ್ಷೆ ಕೊಡುವುದು ನ್ಯಾಯವಲ್ಲ.

ಮೊದಲು ಥರ್ಮೋಸ್ಟಾಟ್ ಹಾಕಿಸಿ. ಘಾಟಿಯಲ್ಲಿ ಬಿಸಿಯಾದ ಕಾರಿಗೆ ಈ ವಾಲ್ವನ್ನೇ ಕಿತ್ತುಹಾಕುವುದು ನಮ್ಮ ಗ್ಯಾರೇಜುಗಳ ಹಳೆಯ ಮದ್ದು. ಬಿಸಿಯಾಗಲು ರೇಡಿಯೇಟರ್, ಫ್ಯಾನ್ ಅಥವಾ ಕೂಲಂಟ್ ಸೋರಿಕೆ ಕಾರಣವಾಗಿದ್ದರೆ ಅದು ಹಾಗೆಯೇ ಉಳಿದಿರುತ್ತದೆ. ಹಲವು ಕಾರುಗಳ ಥರ್ಮೋಸ್ಟಾಟ್ ಸುಮಾರು 82ರಿಂದ 88 ಡಿಗ್ರಿಯಲ್ಲಿ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುತ್ತದೆ. ಅದಿಲ್ಲದೆ ಕೂಲಂಟ್ ಸದಾ ರೇಡಿಯೇಟರಿನಲ್ಲಿ ಸುತ್ತುತ್ತಿದ್ದರೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಹಾಸನದ ತಂಪು ಬೆಳಗಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕೂಲಂಟ್ ಸೆನ್ಸರ್ ತಿಳಿಸುತ್ತಿರುವಷ್ಟು ಹೊತ್ತೂ ಇಸಿಎಂ ಐಎಸಿ ವಾಲ್ವನ್ನು ಹೆಚ್ಚು ತೆರೆದು ಐಡ್ಲಿಂಗ್ ಏರಿಸಿಟ್ಟಿರುತ್ತದೆ, ವೇಗವನ್ನು ನಿಧಾನವಾಗಿ ಇಳಿಸುತ್ತದೆ. ಥರ್ಮೋಸ್ಟಾಟ್ ಹಾಕಿಸುವಾಗ ಕೂಲಂಟಿನಲ್ಲಿ ಗಾಳಿ ಉಳಿಯದಂತೆ ತೆಗೆಸಿ. ಸೆನ್ಸರಿನ ಬಳಿ ಗಾಳಿಗುಳ್ಳೆ ನಿಂತರೆ ಅದು ತಪ್ಪು ಉಷ್ಣತೆ ಹೇಳುತ್ತದೆ.

ಎರಡನೆಯದು ಆ ಸ್ಕ್ರೂ. ಕಾರ್ಬ್ಯುರೇಟರ್ ಕಾಲದಲ್ಲಿ ಐಡ್ಲಿಂಗ್ ಸ್ಕ್ರೂ ತಿರುಗಿಸುವುದು ಸಹಜ ಕೆಲಸವಾಗಿತ್ತು. ನಿಮ್ಮಂಥ ಕಾರಿನಲ್ಲಿ ಥ್ರಾಟಲ್ ತಟ್ಟೆ ಗೋಡೆಗೆ ಕಚ್ಚಿಕೊಳ್ಳದಂತೆ ತಡೆಯಲು ಕಾರ್ಖಾನೆಯಲ್ಲೇ ಹೊಂದಿಸಿಟ್ಟ ಸ್ಕ್ರೂ ಅದು. ಅದನ್ನು ಬಿಗಿ ಮಾಡಿದರೆ ತಟ್ಟೆ ಎಂದಿಗೂ ಪೂರ್ತಿ ಮುಚ್ಚುವುದಿಲ್ಲ. ಥ್ರಾಟಲ್ ಸೆನ್ಸರಿನ ವೋಲ್ಟೇಜೂ ಏರಿ, ಚಾಲಕರು ಕಾಲು ತೆಗೆದಿದ್ದಾರೆಂಬುದೇ ಕೆಲವು ಕಾರುಗಳ ಇಸಿಎಂಗೆ ಗೊತ್ತಾಗುವುದಿಲ್ಲ. ಎಂಜಿನ್ ಆಫ್ ಆಗುತ್ತಿದ್ದುದಕ್ಕೆ ಥ್ರಾಟಲ್ ಬಾಡಿಯಲ್ಲೂ ಐಎಸಿ ವಾಲ್ವಿನಲ್ಲೂ ಕಟ್ಟಿದ ಮಸಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಎರಡನ್ನೂ ಬಿಚ್ಚಿ ಥ್ರಾಟಲ್ ಕ್ಲೀನರಿನಿಂದ ತೊಳೆಸಿ, ಸ್ಕ್ರೂವನ್ನು ಹಿಂದಿನ ಸ್ಥಾನಕ್ಕೆ ತರಿಸಿ, ಮುಚ್ಚಿದಾಗಿನ ಸೆನ್ಸರ್ ವೋಲ್ಟೇಜು ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟಿದೆಯೇ ನೋಡಿಸಿ. ಸಾಮಾನ್ಯವಾಗಿ ಅದು ಅರ್ಧ ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ತೊಳೆಸಿದ ಮೇಲೆ ಸ್ವಲ್ಪ ಕಾಲ ಐಡ್ಲಿಂಗ್ ಹೆಚ್ಚಿದ್ದರೆ ಗಾಬರಿ ಬೇಡ. ಮಸಿಗೆ ಒಗ್ಗಿದ್ದ ಇಸಿಎಂ ಹೊಸ ಅಳತೆಯನ್ನು ಕಲಿಯಬೇಕು.

ಇಷ್ಟಾದರೂ ವೇಗ ಇಳಿಯದೆ ನಿಲ್ಲುತ್ತಿದ್ದರೆ ಬಾನೆಟ್ ತೆರೆದು, ಎಂಜಿನ್ ನ್ಯೂಟ್ರಲ್‌ನಲ್ಲಿ ಹೆಚ್ಚು ವೇಗದಲ್ಲಿ ನಿಂತಿರುವಾಗ, ಥ್ರಾಟಲಿನ ಕೇಬಲ್ ಸುತ್ತುವ ಗಾಲಿಯನ್ನು ಮುಚ್ಚುವ ದಿಕ್ಕಿಗೆ ಕೈಯಿಂದ ಒತ್ತಿ ನೋಡಿ. ವೇಗ ಬಿದ್ದರೆ ದೋಷ ಕೇಬಲ್ಲಿನಲ್ಲಿ ಅಥವಾ ಸ್ಪ್ರಿಂಗಿನಲ್ಲಿದೆ. ಬೀಳದಿದ್ದರೆ ವ್ಯಾಕ್ಯೂಮ್ ಹೋಸುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ವೇಗ ಇಳಿಯಿತೋ ಆ ದಾರಿಯಲ್ಲೇ ಗಾಳಿ ಬರುತ್ತಿದೆ. ಎಂಜಿನ್ನಿನ ಒಳಗಿನ ಆವಿಯನ್ನು ಎಳೆಯುವ ಪಿಸಿವಿ ಹೋಸು, ಪೆಟ್ರೋಲ್ ಆವಿಯನ್ನು ಎಳೆಯುವ ಪರ್ಜ್ ವಾಲ್ವಿನ ಹೋಸು, ಬ್ರೇಕ್ ತುಳಿತಕ್ಕೆ ನೆರವಾಗುವ ಬ್ರೇಕ್ ಬೂಸ್ಟರಿನ ದಪ್ಪ ಹೋಸು, ಇವು ಮುಖ್ಯವಾದವು. ತೋಟದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ಹುಡುಕಬೇಕು; ಹೋಸಿನ ಅಡಿಭಾಗದಲ್ಲಿ ಕಡಿದಿದ್ದರೆ ಮೇಲಿನಿಂದ ಕಾಣುವುದೇ ಇಲ್ಲ. ಸೋರಿಕೆ ಪತ್ತೆಗೆ ಕಾರ್ಬ್ಯುರೇಟರ್ ಕ್ಲೀನರನ್ನು ಸಿಂಪಡಿಸುವ ರೂಢಿಯುಂಟು, ಆದರೆ ಬಿಸಿ ಸೈಲೆನ್ಸರ್ ಕೊಳವೆಯ ಪಕ್ಕದಲ್ಲಿ ಅದಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು. ಹೊಗೆ ಹಾಯಿಸಿ ಪರೀಕ್ಷಿಸುವ ಯಂತ್ರವಿರುವ ಗ್ಯಾರೇಜಾದರೆ ಒಳ್ಳೆಯದು.

ಬ್ರೇಕ್ ಬೂಸ್ಟರಿನ ಹೋಸನ್ನು ಮಾತ್ರ ನಾಳೆಗೆ ಬಿಡಬೇಡಿ. ಬ್ರೇಕ್ ತುಳಿದಾಗ ಐಡ್ಲಿಂಗ್ ಬದಲಾಗುತ್ತಿದ್ದು ಪೆಡಲಿನ ಬಳಿ ಬುಸ್ಸೆಂಬ ಸದ್ದು ಕೇಳಿದರೆ, ಅದು ಸರಿಯಾಗುವವರೆಗೆ ಶಿರಾಡಿ ಇಳಿಯಬೇಡಿ. ದಾರಿಯಲ್ಲಿ ಎಂಜಿನ್ ವೇಗ ಇಳಿಯದೆ ಹೋದರೆ ಕ್ಲಚ್ ತುಳಿದು ಬ್ರೇಕಿನಿಂದ ನಿಲ್ಲಿಸಿ. ಚಲಿಸುತ್ತಿರುವಾಗ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರೆ ಪವರ್ ಸ್ಟೀರಿಂಗಿನ ನೆರವು ತಪ್ಪುತ್ತದೆ, ಬ್ರೇಕಿನ ನೆರವು ಒಂದೆರಡು ತುಳಿತಕ್ಕೆ ಮುಗಿಯುತ್ತದೆ.

ಪ್ರಶ್ನೆ: ನಮ್ಮದು ಬಿಎಸ್-6 ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಎಂಜಿನ್ ವೇಗ ಒಂದು ಕ್ಷಣ ತಡೆದು ಇಳಿಯುತ್ತದೆ. ನಿಂತಾಗ ಯಾವ ತೊಂದರೆಯೂ ಇಲ್ಲ. ದೋಷವೇ?
— ಚಿಕ್ಕಮಗಳೂರಿನ ಓದುಗರು

ಉತ್ತರ: ದೋಷವಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮಕ್ಕೆ ತಯಾರಾದ ಕಾರುಗಳಲ್ಲಿ ಪೆಡಲಿಗೂ ಥ್ರಾಟಲಿಗೂ ನಡುವೆ ಸಾಮಾನ್ಯವಾಗಿ ಕೇಬಲ್ ಇರುವುದಿಲ್ಲ. ತಟ್ಟೆಯನ್ನು ಮೋಟಾರು ತಿರುಗಿಸುತ್ತದೆ. ಥಟ್ಟನೆ ಮುಚ್ಚಿದರೆ ಅರೆಬೆಂದ ಹೊಗೆ ಹೆಚ್ಚಾಗುವುದರಿಂದ ಹಲವು ಕಾರುಗಳಲ್ಲಿ ಅದನ್ನು ನಿಧಾನವಾಗಿ ಮುಚ್ಚುವಂತೆ ಬರೆದಿಟ್ಟಿರುತ್ತಾರೆ. ನೀವು ಗೇರ್ ಬದಲಿಸುವುದನ್ನು ತುಸು ನಿಧಾನ ಮಾಡಿಕೊಂಡರೆ ಸಾಕು. ಈ ತಟ್ಟೆಯನ್ನು ಕೀಲಿ ಆನ್ ಇರುವಾಗ ಬೆರಳಿನಿಂದ ತಳ್ಳಿ ಒರೆಸಲು ಯಾರಿಗೂ ಬಿಡಬೇಡಿ. ಮೋಟಾರಿನ ಹಲ್ಲುಗಳು ಹಾಳಾಗಬಹುದು, ಬೆರಳೂ ಸಿಕ್ಕಿಕೊಳ್ಳಬಹುದು.

ಪ್ರಶ್ನೆ: ಹಳೆಯ ಕಾರ್ಬ್ಯುರೇಟರ್ ಕಾರು ಊರಿನಲ್ಲಿ ಚೆನ್ನಾಗಿ ಓಡಿ, ಮುಳ್ಳಯ್ಯನಗಿರಿಯ ಮೇಲೆ ಮಾತ್ರ ಐಡ್ಲಿಂಗ್ ನಿಲ್ಲದೆ ಆಫ್ ಆಗುವುದೇಕೆ?
— ಚಿಕ್ಕಮಗಳೂರು ತಾಲ್ಲೂಕಿನ ಓದುಗರು

ಉತ್ತರ: ಸುಮಾರು 1930 ಮೀಟರ್ ಎತ್ತರದ ಆ ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲಿನಷ್ಟೇ ಇರುತ್ತದೆ. ಗಾಳಿ ತೆಳುವಾದುದು ಸಾಮಾನ್ಯ ಕಾರ್ಬ್ಯುರೇಟರಿಗೆ ತಿಳಿಯದೆ, ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಹೋಗಿ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಮೇಲೆ ಕೆಲವೇ ಗಂಟೆ ಇರುವುದಾದರೆ ಸ್ಕ್ರೂ ಮುಟ್ಟದೆ, ನಿಂತಾಗ ಎಕ್ಸಿಲೇಟರನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದರೆ ಇನ್ನಷ್ಟು ಕೆಡುತ್ತದೆ.