ಡಾಕ್ಟರ ಹತ್ತಿರ ಇದನ್ನು ಹೇಗೆ ಹೇಳೋದು?

ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕುವುದಿಲ್ಲ ತಂಗಿ.

ಆರು ತಿಂಗಳಿಂದ ಖಿನ್ನತೆಗೆ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೀರಿ. ಅಳು ನಿಂತಿದೆ, ನಿದ್ದೆ ಬರುತ್ತಿದೆ. ಆದರೆ ಗಂಡ ಹತ್ತಿರ ಬಂದರೆ ಆಸೆಯೇ ಹುಟ್ಟುವುದಿಲ್ಲ. ಹುಟ್ಟಿದರೂ ತೃಪ್ತಿ ಸಿಗುವುದಿಲ್ಲ. "ನಾನು ಬೇಡವಾದೆನಾ?" ಅಂತ ಅವರು ಕೇಳಿದ ರಾತ್ರಿಯೇ ನೀವು ಈ ಪತ್ರ ಬರೆದಿದ್ದೀರಿ. ಮಾತ್ರೆ ಬಿಟ್ಟುಬಿಡಲಾ ಎಂಬುದು ಪ್ರಶ್ನೆ.

ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತಾಗುವುದು ಎಲ್ಲ ಉಂಟು. ಹೋದ ಕಾಯಿಲೆ ಮರಳುವ ಭಯ ಬೇರೆ.

ನಿಮ್ಮ ಪ್ರೀತಿ ಬತ್ತಿದೆ ಅಂದುಕೊಳ್ಳಬೇಡಿ. ಈ ಮಾತ್ರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಜಾಸ್ತಿ ಸಿಗುವಂತೆ ಮಾಡುತ್ತದೆ. ದುಗುಡ ಇಳಿಸುವ ಆ ಸೆರೊಟೋನಿನ್ನೇ ಕಾಮಕ್ಕೂ ಲಗಾಮು ಹಾಕುತ್ತದೆ. ಗಂಡಸರ ಶೀಘ್ರಸ್ಖಲನಕ್ಕೆ ಕೊಡುವ ಡಪಾಕ್ಸೆಟಿನ್ ಕೂಡ ಇದೇ ಗುಂಪಿನದು. ನಿಮಗೆ ತೊಂದರೆಯಾದ ಗುಣವೇ ಅಲ್ಲಿ ಔಷಧಿ, ನೋಡಿ!

ಡಾಕ್ಟರ ಕೈಯಲ್ಲಿ ದಾರಿಗಳಿವೆ. ಡೋಸ್ ಇಳಿಸಬಹುದು. ಈ ತೊಂದರೆ ಕಡಿಮೆ ಇರುವ ಬುಪ್ರೊಪಿಯಾನ್ ಅಥವಾ ಮಿರ್ಟಜಪಿನ್‌ಗೆ ಬದಲಿಸಬಹುದು. ಮೊದಲನೆಯದು ಫಿಟ್ಸ್ ಇರುವವರಿಗೆ ಆಗದು, ಎರಡನೆಯದು ತೂಕ ಏರಿಸಬಹುದು. ಅದಕ್ಕೇ ಪಕ್ಕದ ಮನೆಯವರ ಮಾತ್ರೆ ನಮಗೆ ಹೊಂದುವುದಿಲ್ಲ.

ಆದರೆ ನಿಮ್ಮ ನಿಜವಾದ ಕಷ್ಟ ಇದಲ್ಲ, ಅಲ್ವಾ? ಡಾಕ್ಟರು ಗಂಡಸು, ಪಕ್ಕದ ಕುರ್ಚಿಯಲ್ಲಿ ಅತ್ತೆ. ಒಂದು ಚೀಟಿ ಬರೆದಿಡಿ: "ಮಾತ್ರೆ ಶುರುವಾದ ಮೇಲೆ ಗಂಡನ ಜೊತೆ ಸೇರುವ ಆಸೆ ಹೋಗಿದೆ. ಮುಂಚೆ ಹೀಗಿರಲಿಲ್ಲ." ಡಾಕ್ಟರು ಬರೆದುಕೊಟ್ಟ ಹಳೆಯ ಚೀಟಿಗಳ ಜೊತೆ ಮಡಚಿ ಕೊಡಿ. ಓದಿದ ಡಾಕ್ಟರು ಅತ್ತೆಯನ್ನು ಹೊರಗೆ ಕೂರಿಸುತ್ತಾರೆ. ಕೂರಿಸದಿದ್ದರೆ "ಒಂದು ನಿಮಿಷ ಒಬ್ಬಳೇ ಮಾತಾಡಬೇಕು" ಅನ್ನಿ. ಮನೋವೈದ್ಯರಿಗೆ ಇದು ಹೊಸ ದೂರಲ್ಲ. ಯಾವಾಗ ಶುರುವಾಯಿತು ಎಂದು ಮಾತ್ರ ಸರಿಯಾಗಿ ಹೇಳಿ. ಖಿನ್ನತೆಯೂ ಆಸೆಯನ್ನು ಕೊಲ್ಲುತ್ತದೆ, ಹಾಗಾಗಿ ಯಾವುದು ಮೊದಲು ಬಂತು ಎನ್ನುವುದು ಅವರಿಗೆ ಮುಖ್ಯ.

ಅಷ್ಟೂ ಧೈರ್ಯ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಿಮ್ಮ ಯಜಮಾನರು. ಬಾಯಿಬಿಟ್ಟು ಹೇಳಲು ಆಗದಿದ್ದರೆ ಈ ಪುಟ ಅವರ ಕೈಗೆ ಸಿಗುವ ಕಡೆ ಇಡಿ. ಅವರು ಬೇಡವಾಗಿಲ್ಲ ಎಂದು ನಾನೇ ಹೇಳಿದಂತಾಯಿತು.