ಮೂಗು ಹಿಡಿದು ಹಾಡಿದ ಹುಡುಗ

ಪ್ರಿಯ ಟೀಚರೇ,

ಕಾಸರಗೋಡಿನ ಪೆರ್ಲದಿಂದ ನೀವು ಬರೆದ ಕಾಗದ ಸಿಕ್ಕಿತು. ಶಾಲೆಯ ಕಾರ್ಯಕ್ರಮದಲ್ಲಿ ಐದನೇ ಕ್ಲಾಸಿನ ಹುಡುಗ ಜಿ.ಪಿ. ರಾಜರತ್ನಂ ಅವರ ‘ರತ್ನನ ಪದ’ ಹಾಡಿದ. ‘ಮೂಗ್ನಲ್ ಕನ್ನಡ ಪದವಾಡ್ತೀನಿ’ ಅನ್ನುವಾಗ ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡ. ಸಭೆಯೆಲ್ಲ ನಕ್ಕಿತು. ಆಮೇಲೆ ಪೋಷಕರೊಬ್ಬರು ‘ಕುಡುಕನ ಹಾಡು ಮಕ್ಕಳಿಗೆ ಯಾಕೆ?’ ಎಂದು ಕೇಳಿದರು. ನಿಮ್ಮ ಪ್ರಶ್ನೆ ಬೇರೆ. ‘ಎಲ್ಲರೂ ನಗುವಾಗ ನನಗೆ ಅಳು ಬಂತು. ನಾನು ಹಾಡನ್ನು ತಪ್ಪಾಗಿ ತಿಳ್ಕೊಂಡೆನಾ?’

ಇಲ್ಲ ಟೀಚರೇ. ನಕ್ಕವರೂ ತಪ್ಪಲ್ಲ, ನೀವೂ ತಪ್ಪಲ್ಲ.

ಆ ಪದದಲ್ಲಿ ಕುಡುಕ ರತ್ನ ದೇವರ ಜೊತೆ ಚೌಕಾಸಿ ಮಾಡುತ್ತಾನೆ. ಹೆಂಡ ಬಿಡು ಅಂದರೆ ಬಿಡುತ್ತಾನೆ. ಹೆಂಡತಿಯನ್ನು ಬಿಡು ಅಂದರೂ ಆದೀತು. ಕನ್ನಡ ಪದ ಬಿಡು ಅಂದಾಗ ಮಾತ್ರ ತಿರುಗಿ ನಿಲ್ಲುತ್ತಾನೆ. ನರಕಕ್ಕಿಳಿಸಿ, ನಾಲಿಗೆ ಸೀಳಿಸಿ, ಬಾಯಿ ಹೊಲಿಸಿದರೂ ಮೂಗಿನಲ್ಲೇ ಹಾಡುತ್ತೇನೆ ಎನ್ನುತ್ತಾನೆ. ಮೂಗು ಅಂದ ಕೂಡಲೇ ನಗು ಬರುತ್ತದೆ. ಆದರೆ ಆ ಹೊತ್ತಿಗೆ ಅವನ ಹತ್ತಿರ ಬೇರೆ ಏನೂ ಉಳಿದಿಲ್ಲ, ಅಲ್ವಾ?

ಮಕ್ಕಳಿಗೆಲ್ಲ ಬಾಯಿಪಾಠ ಇರುವ ಬಣ್ಣದ ತಗಡಿನ ತುತ್ತೂರಿಯೂ ರಾಜರತ್ನಂ ಅವರದ್ದೇ. ಜಂಬದಿಂದ ಊದುತ್ತಿದ್ದ ಹುಡುಗನ ತುತ್ತೂರಿ ಕೊಳಕ್ಕೆ ಬೀಳುತ್ತದೆ. ‘ಗಂಟಲು ಕಟ್ಟಿತು ನೀರೂರಿ’ ಎಂದು ಬರೆದರು. ಸರಿಗಮ ಹೋಗಿ ಗಗಗಗ ಆಗುತ್ತದೆ. ಮಕ್ಕಳು ಆ ಗಗಗಗಕ್ಕೆ ಬಿದ್ದು ಬಿದ್ದು ನಗುತ್ತಾರೆ. ಎರಡೂ ಹಾಡಿನಲ್ಲಿ ದನಿ ಕಟ್ಟಿಹೋಗುವ ಸಂಗತಿ ಇದೆ, ಎರಡರಲ್ಲೂ ನಗು ಬರುವುದು ಸರಿಯಾಗಿ ಅಲ್ಲಿಯೇ. ರಾಜರತ್ನಂ ನಗುವಿನ ಸಾಲಲ್ಲೇ ಅಳುವನ್ನೂ ಇಟ್ಟರು. ನನಗೆ ಅವರ ಮೇಲೆ ಪ್ರೀತಿ ಜಾಸ್ತಿ ಆದದ್ದು ಇದರಿಂದ.

ನಮ್ಮ ಕಾಸರಗೋಡಿನಲ್ಲಿ ಆ ಮೂಗಿನ ಸಾಲು ಇನ್ನೂ ಬೇರೆ ಥರ ಕೇಳಿಸುತ್ತದೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ನನ್ನ ಅಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಮ್ಮೆ ಒಂದು ಆಫೀಸಿಗೆ ಜೊತೆಗೆ ಹೋಗಿದ್ದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ವಾಪಸ್ ಕೊಟ್ಟು ಮಲಯಾಳದ ಫಾರ್ಮು ಕೊಟ್ಟರು. ಅಪ್ಪ ಏನೂ ಹೇಳಲಿಲ್ಲ. ಎರಡನ್ನೂ ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದರು. ಕಿವಿಗೊಟ್ಟೆ. ರತ್ನನ ಪದವೇ. ನಾನು ನಕ್ಕೆ, ಅವರೂ ನಕ್ಕರು. ಅವರ ಕಣ್ಣು ಕಿಟಕಿಯ ಹೊರಗಿತ್ತು.

ಪೋಷಕರಿಗೆ ಇಷ್ಟು ಹೇಳಿ. ಹಾಡಿನಲ್ಲಿ ರತ್ನ ಎಲ್ಲಕ್ಕಿಂತ ಮೊದಲು ಬಿಡಲು ಒಪ್ಪುವುದು ಹೆಂಡವನ್ನೇ. ಮಕ್ಕಳಿಗೆ ಅರ್ಥವನ್ನು ಮೊದಲೇ ಬಿಡಿಸಿ ಹೇಳಬೇಡಿ. ತುಳು, ಹವ್ಯಕ, ಮಲಯಾಳ ಮಾತಾಡುವ ಮನೆಗಳಿಂದ ಬರುವ ಮಕ್ಕಳಿಗೆ ರತ್ನನ ‘ಯೆಂಡ’, ‘ಯೆಡ್ತಿ’ ಕೇಳಿದರೇ ಖುಷಿ. ಸುಮ್ನೆ ನಗಲಿ ಬಿಡಿ.

ಆ ಹುಡುಗನಿಗೆ ಒಂದೇ ಒಂದು ಮಾತು ಹೇಳಿಕೊಡಿ. ತುಟಿ ಮುಚ್ಚಿ, ಮೂಗನ್ನೂ ಹಿಡಿದು ಹಾಡಿ ನೋಡು, ದನಿ ಹೊರಡುತ್ತದಾ? ಇಲ್ಲ. ಈಗ ಬೆರಳು ತೆಗೆ. ತುಟಿ ಮುಚ್ಚಿಕೊಂಡೇ ಇನ್ನೊಮ್ಮೆ ಹಾಡು.

— ಸಂಪಾದಕ