ವೇಗದ ಇಂಟರ್ನೆಟ್ ಇದ್ದರೂ ರೊಮೇನಿಯಾ ಆನ್‌ಲೈನ್ ಕಲಿಕೆಯಲ್ಲಿ ಹಿಂದೇಕೆ?

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕಾಗಿ ಯುರೋಪಿನ ಆನ್‌ಲೈನ್ ಕಲಿಕೆಯ ಅಂಕಿಅಂಶ ನೋಡುತ್ತಿದ್ದೇನೆ. ರೊಮೇನಿಯಾದಲ್ಲಿ ಇಂಟರ್ನೆಟ್ ಅಗ್ಗ, ವೇಗವೂ ಚೆನ್ನಾಗಿದೆ. ಆದರೂ ಪಟ್ಟಿಯಲ್ಲಿ ತೀರಾ ಕೆಳಗಿದೆ. ಕಾರಣವೇನು? ದೇಶಗಳನ್ನು ಹೋಲಿಸುವಾಗ ಏನು ಗಮನಿಸಬೇಕು?

ಉತ್ತರ: ನಿಮ್ಮ ಗುಮಾನಿ ಸರಿ, ಇಲ್ಲಿ ಕೊರತೆ ಕೇಬಲ್ಲಿನದಲ್ಲ. ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯುರೋಸ್ಟಾಟ್ 2023ರಲ್ಲಿ 16ರಿಂದ 74 ವರ್ಷದ ಇಂಟರ್ನೆಟ್ ಬಳಕೆದಾರರನ್ನು ಕೇಳಿದಾಗ, ಹಿಂದಿನ ಮೂರು ತಿಂಗಳಲ್ಲಿ ಆನ್‌ಲೈನ್ ಕೋರ್ಸ್ ಮಾಡಿದವರು ಅಥವಾ ಕಲಿಕಾ ಸಾಮಗ್ರಿ ಬಳಸಿದವರು ಐರೋಪ್ಯ ಒಕ್ಕೂಟದಲ್ಲಿ ಶೇ. 30. ನೆದರ್ಲೆಂಡ್ಸ್‌ನಲ್ಲಿ ಶೇ. 54, ಫಿನ್ಲೆಂಡ್‌ನಲ್ಲಿ ಶೇ. 53. ರೊಮೇನಿಯಾದಲ್ಲಿ ಸುಮಾರು ಹತ್ತರಲ್ಲಿ ಒಬ್ಬರು.

ಮುಖ್ಯ ಕಾರಣವನ್ನು ಓದು ಮತ್ತು ಉದ್ಯೋಗದಲ್ಲಿ ಹುಡುಕಿ. ಆನ್‌ಲೈನ್ ಕೋರ್ಸಿಗೆ ಸೇರುವವರಲ್ಲಿ ಪದವೀಧರರೇ ಹೆಚ್ಚು. ನೆದರ್ಲೆಂಡ್ಸ್‌ನ 25–34 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉನ್ನತ ಶಿಕ್ಷಣ ಮುಗಿಸಿದ್ದಾರೆ. ರೊಮೇನಿಯಾದಲ್ಲಿ ಕಾಲು ಭಾಗವೂ ಇಲ್ಲ. ಕೃಷಿಯನ್ನೇ ನಂಬಿದವರ ಪ್ರಮಾಣವೂ ಅಲ್ಲಿ ಒಕ್ಕೂಟದಲ್ಲೇ ಹೆಚ್ಚು. ಸಣ್ಣ ಹಿಡುವಳಿಯ ರೈತನನ್ನು ತರಬೇತಿಗೆ ಕಳಿಸುವ ಕಂಪನಿಯಿಲ್ಲ, ಸರ್ಟಿಫಿಕೇಟು ತಂದರೆ ಬಡ್ತಿ ಕೊಡುವವರೂ ಇಲ್ಲ.

ಡಿಜಿಟಲ್ ಕೌಶಲವೂ ಇದಕ್ಕೆ ತಾಳೆಯಾಗುತ್ತದೆ: 2023ರಲ್ಲಿ ಕನಿಷ್ಠ ಮೂಲ ಕೌಶಲ ಇದ್ದವರು ನೆದರ್ಲೆಂಡ್ಸ್‌ನಲ್ಲಿ ಶೇ. 83, ರೊಮೇನಿಯಾದಲ್ಲಿ ಶೇ. 28. ಆದರೆ ಇಲ್ಲೇ ಅನೇಕರು ಎಡವುತ್ತಾರೆ. ಈ ಕೌಶಲ ಸೂಚ್ಯಂಕದ ‘ಸಮಸ್ಯೆ ಪರಿಹಾರ’ ವಿಭಾಗದಲ್ಲಿ ಆನ್‌ಲೈನ್ ಕಲಿಕೆಯೂ ಒಂದು ಅಂಶ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಸಂಬಂಧ ಸಾಬೀತಾಯಿತು’ ಎಂದು ಬರೆದರೆ, ಭಾಗಶಃ ಒಂದೇ ಉತ್ತರವನ್ನು ಎರಡು ಸಲ ಎಣಿಸಿದಂತೆ. ಪ್ರಬಂಧದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿಬಿಡಿ.

ಕೋಷ್ಟಕ ಇಳಿಸಿಕೊಳ್ಳುವಾಗ ಮೊದಲು ಛೇದ ನೋಡಿ, ಅಂದರೆ ಶೇಕಡಾವಾರು ಯಾರ ಒಟ್ಟು ಸಂಖ್ಯೆಯ ಮೇಲೆ ಲೆಕ್ಕ ಹಾಕಿದ್ದು ಎಂದು. ಶೇಕಡಾವಾರು ‘ಎಲ್ಲ ವ್ಯಕ್ತಿಗಳ’ ಲೆಕ್ಕದಲ್ಲೂ ಸಿಗುತ್ತದೆ, ‘ಬಳಕೆದಾರರ’ ಲೆಕ್ಕದಲ್ಲೂ ಸಿಗುತ್ತದೆ. ನೂರು ಜನರಲ್ಲಿ 90 ಮಂದಿ ಇಂಟರ್ನೆಟ್ ಬಳಸಿ, ಅವರಲ್ಲಿ ಶೇ. 30 ಕಲಿತರೆ ಒಟ್ಟು ಜನರಲ್ಲಿ ಅದು ಶೇ. 27 ಮಾತ್ರ. ಒಂದು ದೇಶಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಲೆಕ್ಕ ಹಿಡಿದರೆ ಹೋಲಿಕೆ ಕೆಟ್ಟಂತೆಯೇ. ‘ಕೋರ್ಸ್ ಮಾಡಿದವರು’ ಮತ್ತು ‘ಸಾಮಗ್ರಿ ಬಳಸಿದವರು’ ಎಂಬ ಸಾಲುಗಳೂ ಬೇರೆ ಬೇರೆ ಇವೆ. ಒಂದು ವಿಡಿಯೊ ಪಾಠ ನೋಡಿದವರೂ ಎರಡನೆಯದರಲ್ಲಿ ಸೇರಬಹುದು, ಹಾಗಾಗಿ ನಿಮ್ಮ ಪ್ರಶ್ನೆಗೆ ಮೊದಲನೆಯದೇ ಗಟ್ಟಿ ಅಳತೆ. ಅಂಕಿಯ ಪಕ್ಕ ‘ಬಿ’ ಅಕ್ಷರವಿದ್ದರೆ ಆ ವರ್ಷ ಸರಣಿ ತುಂಡಾಗಿದೆ, ಅಂದರೆ ಅಳೆಯುವ ವಿಧಾನ ಬದಲಾಗಿದೆ, ಹಿಂದಿನ ವರ್ಷಗಳೊಂದಿಗೆ ನೇರವಾಗಿ ಹೋಲಿಸಬೇಡಿ. ‘ಯು’ ಇದ್ದರೆ ಅಂಕಿಯ ವಿಶ್ವಾಸಾರ್ಹತೆ ಕಡಿಮೆ.

ಕೊನೆಗೆ ಎರಡೂ ದೇಶಗಳ ಪದವೀಧರರನ್ನಷ್ಟೇ ತೆಗೆದು ಹೋಲಿಸಿ. ಅಂತರ ಎಷ್ಟು ಕುಗ್ಗುತ್ತದೋ ಅಷ್ಟರ ಮಟ್ಟಿಗೆ ಅದು ಶಿಕ್ಷಣದ ಪಾಲು. ಉಳಿದ ಅಂತರಕ್ಕೆ ವಯಸ್ಸು, ಹಳ್ಳಿ–ಪಟ್ಟಣ, ಉದ್ಯೋಗದ ಕೋಷ್ಟಕಗಳನ್ನು ತೆರೆಯಿರಿ.